ಮೊಬೈಲ್ ಕಿತ್ಕೊಳ್ಳೋದು ಬೇಡ ಅತ್ತೆ

ಅತ್ತೆ, ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ರಲ್ಲ, ಹಾಸ್ಟೆಲಿಂದ ಬಂದಿರೋ ಮಗ ಮೊಬೈಲ್ ಬಿಟ್ಟು ಐದು ನಿಮಿಷ ಇರಲ್ಲ, ಕಿತ್ಕೊಂಡು ಬಟನ್ ಫೋನ್ ಕೊಡಿಸಿಬಿಡ್ಲಾ ಅಂತ. ಬೇಡ. ನೋಟ್ಸು, ಫೀಸು, ಪ್ಲೇಸ್‌ಮೆಂಟ್ ಮೆಸೇಜು ಎಲ್ಲಾ ಅದರಲ್ಲೇ ಬರೋದು, ಎರಡು ದಿನಕ್ಕೆ ನೀವೇ ವಾಪಸ್ ಕೊಡ್ತೀರಿ. ರೇಗಾಡಿದ್ರೆ ಫೋನ್ ಸಿಗುತ್ತೆ ಅಂತ ಅವನು ಕಲೀತಾನೆ, ಅಷ್ಟೇ.

ಫೋನ್ ದೂರ ಆದ್ರೆ ಚಡಪಡಿಕೆ ಏರುತ್ತೆ, ತೆಗೆದು ನೋಡಿದ್ರೆ ಇಳಿಯುತ್ತೆ. ಹಾಗೆ ಇಳಿದಾಗಲೆಲ್ಲ ನೋಡೋ ಚಟ ಇನ್ನಷ್ಟು ಬಲಿಯುತ್ತೆ. ನೋಡದೇ ಕೂತ್ರೂ ಸ್ವಲ್ಪ ಹೊತ್ತಲ್ಲಿ ತಾನಾಗೇ ಇಳಿಯುತ್ತಲ್ಲ, ಅದು ಅವನ ಅನುಭವಕ್ಕೆ ಬರಬೇಕು.

ಆಂಡ್ರಾಯ್ಡ್ ಫೋನಾದ್ರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತಿದೆ, ಫೋನ್ ಎಷ್ಟು ಬಳಸಿದ್ರು ಅನ್ನೋ ಲೆಕ್ಕ ಅದರಲ್ಲಿ ಸಿಗುತ್ತೆ. ಎಷ್ಟು ಗಂಟೆ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್‌ಲಾಕ್ ಮಾಡಿದ ಅನ್ನೋದನ್ನ ಅವನೇ ಒಂದು ವಾರ ಬರೆದಿಡಲಿ. ಆಮೇಲೆ ಊಟದ ಹೊತ್ತಿಗೆ 20 ನಿಮಿಷ ಫೋನ್ ಬೇರೆ ರೂಮಲ್ಲಿರಲಿ. ಮೇಜಿನ ಮೇಲೆ ಬೋರಲು ಹಾಕಿದ್ರೆ ಮನಸ್ಸೆಲ್ಲ ಅಲ್ಲೇ ಇರುತ್ತೆ. ಮೂರ್ನಾಲ್ಕು ದಿನ ಸಲೀಸಾದ್ರೆ ಹತ್ತು ನಿಮಿಷ ಏರಿಸಿ, ಆಗದಿದ್ರೆ ಅಷ್ಟಕ್ಕೇ ನಿಲ್ಸಿ. ಹಾಸ್ಟೆಲಲ್ಲಿ ಬೇರೆ ರೂಮೆಲ್ಲಿ ತರೋದು? ಬೀರುಗೆ ಬೀಗ ಹಾಕಿ ಕೀ ರೂಮ್‌ಮೇಟ್ ಕೈಗೆ ಕೊಡಲಿ.

ಆ್ಯಪ್ ಟೈಮರನ್ನ ನೆಚ್ಕೋಬೇಡಿ, ಆಂಡ್ರಾಯ್ಡಲ್ಲಿ ಹಾಕಿದವನೇ ಕ್ಷಣದಲ್ಲಿ ತೆಗೀಬಹುದು. ಐಫೋನಾದ್ರೆ ಸ್ಕ್ರೀನ್ ಟೈಮ್ ಪಾಸ್‌ಕೋಡನ್ನ ಇನ್ನೊಬ್ಬರು ಹಾಕೋಕಾಗುತ್ತೆ. ರಾತ್ರಿಗೆ ಒಂದು ಅಲಾರಂ ಗಡಿಯಾರ ತಗೊಳ್ಳಿ. ಅಲಾರಂ ನೆಪದಲ್ಲೇ ಫೋನ್ ದಿಂಬಿನ ಕೆಳಗೆ ಸೇರೋದು.

ನೋಮೋಫೋಬಿಯಾ, ಅಂದ್ರೆ ಫೋನ್ ಕೈಲಿಲ್ಲ ಅಂದ್ರೆ ಆಗೋ ಭಯ, ಅಂತ ಯಾರೋ ಗ್ರೂಪಲ್ಲಿ ಲಿಂಕ್ ಹಾಕಿದ್ರು. ಅದಕ್ಕೆ 20 ಪ್ರಶ್ನೆಗಳ ಪಟ್ಟಿ ಇದೆ, 140ಕ್ಕೆ ಅಂಕ, 100 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ತೀವ್ರ ಅಂತಾರೆ. ಆದ್ರೆ ಅಂಕ ನೋಡಿ ಕಾಯಿಲೆ ಅಂತ ಹಣೆಪಟ್ಟಿ ಹಚ್ಚೋಕಾಗಲ್ಲ. ನಿದ್ದೆ ಕೆಟ್ಟು, ಕ್ಲಾಸ್ ತಪ್ಪಿ, ಸಬ್ಜೆಕ್ಟ್ ಉಳ್ಕೊಳ್ತಾ ಹೋದ್ರೆ ಮಾತ್ರ ತಡಮಾಡ್ಬೇಡಿ. ಬೆಂಗಳೂರಿನ ನಿಮ್ಹಾನ್ಸಲ್ಲಿ 2014ರಿಂದ ಇದಕ್ಕೇ ಶಟ್ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಇನ್ನೊಂದು, ಬೇಜಾರಾಗ್ಬೇಡಿ ಅತ್ತೆ. ಫೋನ್ ಎತ್ತಲಿಲ್ಲ ಅಂತ ದಿನಕ್ಕೆ ಹತ್ತು ಸಲ ಬೈದ್ರೆ ಅವನು ಅದನ್ನ ಕೆಳಗಿಡೋದು ಹೇಗೆ? ಫೋನ್ ಸದ್ದು ಮಾಡದ ಹಾಗಿಡೋ ಡು ನಾಟ್ ಡಿಸ್ಟರ್ಬಲ್ಲಿ ‘ರಿಪೀಟ್ ಕಾಲರ್ಸ್’ ಆನ್ ಮಾಡಿಸಿ. ಆಂಡ್ರಾಯ್ಡಲ್ಲಿ 15 ನಿಮಿಷದೊಳಗೆ ಎರಡನೇ ಸಲ ಮಾಡಿದ್ರೆ ರಿಂಗಾಗುತ್ತೆ. ತುರ್ತಿದ್ರೆ ಎರಡು ಸಲ ಮಾಡಿ, ಇಲ್ಲಾಂದ್ರೆ ಸಂಜೆವರೆಗೆ ಕಾಯಿರಿ.