ವೇಸ್ಟೇಜ್‌ಗೆ ಕನ್ನಡದಲ್ಲಿ ಏನು? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಕೇರಳ ಮೂಲದ ಚಿನ್ನದಂಗಡಿಯವರು ನಮ್ಮೂರಲ್ಲಿ ಶಾಖೆ ತೆರೆಯುತ್ತಿದ್ದಾರೆ. ಬೋರ್ಡುಗಳ ಅನುವಾದ ನನ್ನ ಪಾಲಿಗೆ ಬಂದಿದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಿಗಿಯಾದ ಮೇಲೆ ಇಂಥ ಕೆಲಸ ಹೆಚ್ಚಾಗಿದೆ. ಸಿಕ್ಕಿಬಿದ್ದಿರುವುದು ಒಂದೇ ಸಾಲಿನಲ್ಲಿ: ‘ಮೇಕಿಂಗ್ ಚಾರ್ಜ್ ಕಡಿಮೆ, ವೇಸ್ಟೇಜ್ ಇಲ್ಲ’. ವೇಸ್ಟೇಜ್ ಎಂದರೆ ಒಡವೆ ಮಾಡುವಾಗ ನಷ್ಟವಾಗುವ ಚಿನ್ನದ ಹೆಸರಲ್ಲಿ ಬಿಲ್ಲಿಗೆ ಸೇರಿಸುವ ಹಣ. ಮೊದಲನೆಯದಕ್ಕೆ ಮಜೂರಿ ಎಂದು ಬರೆದೆ. ಎರಡನೆಯದಕ್ಕೆ ಅವರ ಕಡೆಯಿಂದ ಬಂದ ಕರಡಿನಲ್ಲಿ ‘ವ್ಯರ್ಥ ಇಲ್ಲ’ ಎಂದಿದೆ. ಓದಿದವರಿಗೆ ತಲೆಬುಡ ತಿಳಿಯದು. ನಾಳೆ ಹನ್ನೊಂದಕ್ಕೆ ಅಚ್ಚಿಗೆ ಹೋಗಬೇಕು.

———

ಸವಕಳಿ. ಚರ್ಚಿಸಲು ಏನೂ ಇಲ್ಲ. ಮಜೂರಿ ತೆಗೆದುಹಾಕಿ, ಅದು ಪಾರಸಿ. ಕೂಲಿ ಎಂಬ ನಮ್ಮದೇ ಪದ ಇದೆ.

———

> ಸವಕಳಿ. ಚರ್ಚಿಸಲು ಏನೂ ಇಲ್ಲ.

ಇದೆ. ಸವಕಳಿ ಎಂದರೆ ಬಳಸಿ ಬಳಸಿ ಸವೆದದ್ದು. ಲೆಕ್ಕ ಬರೆಯುವವರಿಗೆ ಅದು ಯಂತ್ರದ ಬೆಲೆ ಇಳಿಕೆ. ಹೊಸ ಸರಕ್ಕೆ ಸವಕಳಿ ಎಂದರೆ ಗಿರಾಕಿ ಅದನ್ನು ಹಳೇ ಸರ ಎಂದುಕೊಳ್ಳುತ್ತಾನೆ.

ಅಕ್ಕಸಾಲಿಗರ ಮಾತು ತೇಮಾನ. ತೇಯ್ + ಮಾನ. ತೀರ್ಮಾನ, ವರಮಾನಗಳ ಸಾಲಿನದು. ಅನುಮಾನ, ಬಹುಮಾನಗಳಲ್ಲಿರುವ ಸಂಸ್ಕೃತದ ಮಾನ ಇದಲ್ಲ, ದಯವಿಟ್ಟು ಬೆರೆಸಬೇಡಿ. ತಮಿಳಿನಲ್ಲಿ ತೇಯ್‌ಮಾನಂ ಇಂದಿಗೂ ಇದೆ.

ನಮ್ಮಪ್ಪ ಅರ ಹಾಕುವಾಗ ಮಡಿಲ ಮೇಲೆ ಚರ್ಮ ಹಾಸಿಕೊಳ್ಳುತ್ತಿದ್ದರು. ಸಂಜೆ ಅದರ ಮೇಲಿನ ಪುಡಿಯನ್ನು ಕುಂಚದಿಂದ ಗುಡಿಸಿ ಮೂಸೆಗೆ ಹಾಕುವರು. ಅಷ್ಟು ಜೋಪಾನ ಮಾಡಿದರೂ ಕರಗಿಸುವಾಗ, ಮೆರುಗು ಕೊಡುವಾಗ ಗುಲಗಂಜಿ ತೂಕದಷ್ಟಾದರೂ ಹೋಗಿಯೇ ಹೋಗುತ್ತಿತ್ತು. ಅದು ತೇಮಾನ. ಅಕ್ಕಸಾಲೆಯ ಕಸವನ್ನು ಜಾಲಿಸಿ ಚಿನ್ನದ ಕಣ ತೆಗೆಯುವವನು ಜಲಗಾರ. ಇಷ್ಟೆಲ್ಲ ಪದ ಮನೆಯಲ್ಲೇ ಇರುವಾಗ ‘ವ್ಯರ್ಥ’ ಎಂದು ಅಚ್ಚು ಹಾಕಿಸುವುದು ನನಗೆ ನೋವಿನ ಸಂಗತಿ.

ಇನ್ನು ಪಾರಸಿ ಎಂದು ಮಜೂರಿ ಬಿಡುವುದಾದರೆ ಅಕ್ಕಸಾಲಿಗನನ್ನೂ ಬಿಡಬೇಕಾದೀತು. ಅದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವ ಸಂಸ್ಕೃತದ ಅಕ್ಷಶಾಲೆಯ ಮೊಮ್ಮಗ.

———

ತೇಮಾನ ಸರಿಯಾದ ಪದ. ಆದರೂ ಈ ಬೋರ್ಡಿಗೆ ಬೇಡ ಎನ್ನುತ್ತೇನೆ.

ಇವತ್ತಿನ ಅಂಗಡಿಯ ವೇಸ್ಟೇಜ್ ನಿಮ್ಮ ತಂದೆಯವರ ತೇಮಾನವಲ್ಲ. 10 ಗ್ರಾಂ ಸರಕ್ಕೆ ಶೇ 12 ವೇಸ್ಟೇಜ್ ಹಾಕಿದರೆ 11.2 ಗ್ರಾಂ ಚಿನ್ನದ ದುಡ್ಡು ಕೊಡುತ್ತೀರಿ. ಯಂತ್ರ ನೇಯ್ದ ಸರದಲ್ಲಿ 1.2 ಗ್ರಾಂ ಎಲ್ಲಿ ಉದುರಿತು? ಉದುರಿದ್ದನ್ನೂ ಕಾರ್ಖಾನೆ ಮತ್ತೆ ಕರಗಿಸುತ್ತದೆ. ಅದು ಅಂಗಡಿಯ ಖರ್ಚು ಮತ್ತು ಲಾಭ.

ಚಿನ್ನದ ವ್ಯಾಪಾರಕ್ಕೆ ಕಟ್ಟು ಹಾಕಿದ್ದ 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಯಿತು, ದೊಡ್ಡ ಅಂಗಡಿಗಳು ಬಂದವು. 1993ರಲ್ಲಿ ತ್ರಿಶ್ಶೂರಿನಲ್ಲಿ ಕಲ್ಯಾಣ್, ಕೋಯಿಕ್ಕೋಡಿನಲ್ಲಿ ಮಲಬಾರ್ ಶುರುವಾದವು. 1996ರಲ್ಲಿ ತನಿಷ್ಕ್ ಚೆನ್ನೈಯಲ್ಲಿ ಮೊದಲ ಮಳಿಗೆ ತೆರೆಯಿತು, ಮುಂದೆ ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರ್ ತಂದಿತು. ಒರೆಗಲ್ಲು ನೋಡಿ ಮನೆಯ ಅಕ್ಕಸಾಲಿ ಹೇಳಿದ್ದನ್ನು ನಂಬುತ್ತಿದ್ದವರು ಯಂತ್ರದ ಅಂಕಿ ನಂಬತೊಡಗಿದರು. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗತೊಡಗಿತು. ಶುದ್ಧತೆ ಅಳೆಯುವ ಕ್ರಮ ಪೂರ್ತಿ ಬದಲಾಯಿತು, ಬಿಲ್ಲಿನ ವೇಸ್ಟೇಜ್ ಕಲಂ ಮಾತ್ರ ಕುಲುಮೆಯ ಕಾಲದ್ದೇ ಉಳಿಯಿತು. ಅದಕ್ಕೆ ದುಡಿದವರ ಪದ ಕೊಟ್ಟು ಮರ್ಯಾದೆ ತರಬೇಡಿ. ‘ಒಡವೆ ತೂಗಿದಷ್ಟಕ್ಕೇ ಚಿನ್ನದ ಬೆಲೆ’ ಎಂದು ಬರೆಯಿರಿ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ತಿಳಿಯುತ್ತದೆ.

———

ತಮಿಳರು ಸೇದಾರಂ ಎನ್ನುತ್ತಾರೆ, ತೆಲುಗರು ತರುಗು, ಮಲಯಾಳಿಗಳು ಪಣಿಕ್ಕುರವ್. ಅಲ್ಲಿನ ಅಂಗಡಿಗಳಲ್ಲೂ ಯಂತ್ರದ ಸರವೇ ಮಾರುತ್ತಾರೆ, ಪದ ಬಿಟ್ಟಿಲ್ಲ. ನಾವು ಮಾತ್ರ ಅರ್ಥ ಬದಲಾಯಿತು ಎಂದು ಪದ ಬಿಡುತ್ತೇವೆ, ಆ ಜಾಗಕ್ಕೆ ಇಂಗ್ಲಿಷ್ ಬಂದು ಕೂರುತ್ತದೆ.

———

ಎಲ್ಲರಿಗೂ ವಂದನೆ. ಅಕ್ಕಪಕ್ಕದ ನಾಲ್ಕು ಮನೆಯವರಿಗೆ ಓದಿಸಿದೆ. ತೇಮಾನ ಇಬ್ಬರು ಹಿರಿಯರಿಗೆ ಗೊತ್ತಿತ್ತು, ಕಾಲೇಜು ಹುಡುಗಿಗೆ ಗೊತ್ತಿರಲಿಲ್ಲ. ಬೋರ್ಡಿಗೆ ‘ಮಜೂರಿ ಕಡಿಮೆ. ಒಡವೆ ತೂಗಿದಷ್ಟಕ್ಕೇ ಚಿನ್ನದ ಬೆಲೆ’ ಎಂದು ಕಳಿಸಿದ್ದೇನೆ. ಬಿಲ್ಲಿನ ನಮೂನೆಯೂ ನನ್ನ ಹತ್ತಿರವೇ ಇದೆ. ಅದರಲ್ಲಿ ಆ ಕಲಮಿಗೆ ತೇಮಾನ ಎಂದು ಬರೆದು ಎದುರಿಗೆ ಸೊನ್ನೆ ಹಾಕಿದ್ದೇನೆ.