ಬರ್ಗ್ಲರಿಗೆ ‘ಮನೆಗಳ್ಳತನ’ ಅಂದರೆ ಸಾಕೇ?

ಗೆಳೆಯರೇ, ನಮಸ್ಕಾರ.

ಹಳೇ ಅಪರಾಧಗಳನ್ನು ಲೆಕ್ಕಕ್ಕಿಟ್ಟು ಅಮೆರಿಕದ ಕೋರ್ಟುಗಳು ಜೈಲುಶಿಕ್ಷೆ ಏರಿಸುವ ಬಗೆಯ ಕುರಿತು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಬರ್ಗ್ಲರಿ’ ಅನ್ನುವ ಪದದ ಹತ್ತಿರ ಬರಹ ನಿಂತಿದೆ. ಪತ್ರಿಕೆಗಳಲ್ಲಿ ಇದು ‘ಮನೆಗಳ್ಳತನ’. ಪೊಲೀಸರ ಬಾಯಲ್ಲಿ ‘ಕನ್ನ ಕಳವು’. ದಿನದ ಸುದ್ದಿಗೆ ಎರಡೂ ಸಾಕು. ಇಲ್ಲಿ ಮಾತ್ರ ಸಾಲದು.

ಯಾಕೆ ಅಂತ ಹೇಳುತ್ತೇನೆ. ಅಲ್ಲಿ ದೊಡ್ಡ ಅಪರಾಧದಲ್ಲಿ ದೋಷಿ ಅನ್ನಿಸಿಕೊಂಡವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡು ಸಿಕ್ಕಿಬಿದ್ದವನ ಮೇಲೆ ಹಿಂಸೆಯ ಅಥವಾ ಗಂಭೀರ ಡ್ರಗ್ಸ್ ಅಪರಾಧದಲ್ಲಿ ದೋಷಿ ಅಂದ ಮೂರು ಹಳೇ ತೀರ್ಪುಗಳಿದ್ದರೆ, ಅವು ಬೇರೆ ಬೇರೆ ಸಂದರ್ಭದವಾಗಿದ್ದರೆ, 1984ರ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ 15 ವರ್ಷ ಜೈಲು. ಹಿಂಸೆಯ ಅಪರಾಧಗಳಲ್ಲಿ ಬರ್ಗ್ಲರಿಯೂ ಸೇರಿದೆ. ಆದರೆ ಹಳೇ ತೀರ್ಪುಗಳು ಹೆಚ್ಚಾಗಿ ರಾಜ್ಯದ ಕೋರ್ಟುಗಳವು. ಒಂದೊಂದು ರಾಜ್ಯದ ಬರ್ಗ್ಲರಿ ಒಂದೊಂದು ಥರ.

ಅದಕ್ಕೇ 1990ರಲ್ಲಿ ಟೇಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದೇ ಅಳತೆ ಇಟ್ಟಿತು. ಏನಾದರೂ ಅಪರಾಧ ಮಾಡುವ ಉದ್ದೇಶದಿಂದ, ಹಕ್ಕಿಲ್ಲದೆ ಕಟ್ಟಡದೊಳಗೆ ಹೋಗುವುದು ಅಥವಾ ಅಲ್ಲೇ ಉಳಿಯುವುದು ಬರ್ಗ್ಲರಿ. ಆ ಮನುಷ್ಯ ನಿಜಕ್ಕೂ ಏನು ಮಾಡಿದ ಅಂತ ಕೆದಕುವಂತಿಲ್ಲ. ರಾಜ್ಯದ ಕಾನೂನು ಅಪರಾಧವನ್ನು ಹೇಗೆ ಹೇಳಿದೆ ಅನ್ನುವುದೇ ಮುಖ್ಯ. 2016ರ ಮ್ಯಾಥಿಸ್ ಪ್ರಕರಣದಲ್ಲಿ ಇದು ಎಷ್ಟು ದೂರ ಹೋಯಿತು ನೋಡಿ. ಅಯೋವಾದ ಕಾನೂನಿನಲ್ಲಿ ಕಟ್ಟಡದ ಜೊತೆ ನೆಲ, ನೀರು, ಗಾಳಿಯ ವಾಹನಗಳೂ ಇದ್ದವು. ದಾಖಲೆಗಳ ಪ್ರಕಾರ ಮ್ಯಾಥಿಸ್ ನುಗ್ಗಿದ್ದು ಕಟ್ಟಡಗಳಿಗೇ. ಆದರೂ ರಾಜ್ಯದ ಕಾನೂನು ಅಳತೆಗಿಂತ ಅಗಲವಾಗಿದೆ ಅಂತ ಆ ತೀರ್ಪುಗಳು ಲೆಕ್ಕಕ್ಕೆ ಬರಲಿಲ್ಲ. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ. ಎಷ್ಟೋ ವರ್ಷ ಹಿಂದಿನ ಘಟನೆಯನ್ನು ಇನ್ನೊಂದು ಕೋರ್ಟು ಮತ್ತೆ ವಿಚಾರಣೆ ಮಾಡಕೂಡದು ಅಲ್ವಾ?

ಈಗ ಇಲ್ಲಿ ‘ಮನೆಗಳ್ಳತನ’ ಹಾಕಿ ಓದಿ. ಪದದೊಳಗೇ ಮನೆ ಇರುವಾಗ ವಾಹನದ ತಕರಾರು ಓದುಗರಿಗೆ ತಿಳಿಯುವುದೇ ಇಲ್ಲ. ಇನ್ನು ಕಳ್ಳತನ. ಯಾರನ್ನೋ ಹೊಡೆಯಲು ನುಗ್ಗಿ, ಒಂದು ಕಡ್ಡಿಯನ್ನೂ ಕದಿಯದಿದ್ದರೂ ಅದು ಬರ್ಗ್ಲರಿಯೇ. ‘ಕನ್ನ’ ಅಂದರೆ ಗೋಡೆ ಕೊರೆದ ಹಾಗೆ. ಬಾಗಿಲು ಹಾಕುವವರೆಗೆ ಅಂಗಡಿಯಲ್ಲೇ ಅಡಗಿ ಕೂತವನಿಗೆ ಅದು ಹೊಂದುವುದಿಲ್ಲ. ‘ಅತಿಕ್ರಮ ಪ್ರವೇಶ’ ಜಾಸ್ತಿ ಸಡಿಲ, ಹೊಲಕ್ಕೆ ಕಾಲಿಟ್ಟರೂ ಅದೇ ಪದ. ಹಾಗಾಗಿ ‘ಬರ್ಗ್ಲರಿ’ಯನ್ನೇ ಉಳಿಸಿ, ಒಮ್ಮೆ ಬಿಡಿಸಿ ಹೇಳುವುದು ವಾಸಿ ಅಂತ ನನ್ನ ಒಲವು. ಇದಕ್ಕಿಂತ ಒಳ್ಳೆಯ ಕನ್ನಡ ಪದ ನಿಮಗೆ ಗೊತ್ತೇ?

ಜೊತೆಗೆ ಇನ್ನೊಂದು. ದೋಷಿ ಅಂದ ಹಿಂದಿನ ತೀರ್ಪಿಗೆ ‘ಹಳೇ ಕೇಸು’ ಅಂದರೆ ಖುಲಾಸೆಯಾದದ್ದೂ ಸೇರಿಬಿಡುತ್ತದೆ. ‘ಹಿಂದಿನ ಶಿಕ್ಷೆ’ಯೂ ಸರಿಯಿಲ್ಲ. ಜೈಲಿಗೇ ಹೋಗದೆ ಪ್ರೊಬೇಷನ್ ಮೇಲೆ ಬಿಡುಗಡೆಯಾಗಿದ್ದರೂ ಆ ತೀರ್ಪು ಲೆಕ್ಕಕ್ಕೆ ಬರಬಹುದು. ‘ಅಪರಾಧ ನಿರ್ಣಯ’ ಹತ್ತಿರದ್ದು. ನಮ್ಮ ಭಾರತೀಯ ನ್ಯಾಯ ಸಂಹಿತೆಯ 13ನೇ ಕಲಮಿನಲ್ಲೂ ಹಳೇ ತೀರ್ಪಿನ ಮೇಲೆ ಶಿಕ್ಷೆ ಏರಿಸುವ ಅವಕಾಶವಿದೆ. ಕನ್ನಡದಲ್ಲಿ ತೀರ್ಪು ಬರೆಯುವ ಕೋರ್ಟುಗಳಲ್ಲಿ ಇದಕ್ಕೆ ಯಾವ ಪದ ನಡೆಯುತ್ತದೆ? ವಕೀಲರು, ಕೋರ್ಟಿನಲ್ಲಿ ಕೆಲಸ ಮಾಡಿದವರು ತಿಳಿಸಿದರೆ ತುಂಬಾ ಉಪಕಾರ.