ಒಟ್ಟಾಗಿ ಕಳ್ಳತನದ ಅಲಾರಂ ಹಾಕಿಸುವುದು: ವಿಮೆಗೆ ನಡೆಯುತ್ತದೆಯೇ?

ಸಂಘದ ಕಾರ್ಯದರ್ಶಿ:
ದಸರಾ ರಜೆಯಲ್ಲಿ ಎರಡನೇ ಅಡ್ಡರಸ್ತೆಯ ಎರಡು ಮನೆಗಳ ಬೀಗ ಒಡೆದದ್ದು, ಔಷಧ ಅಂಗಡಿಗೆ ಕಳ್ಳರು ನುಗ್ಗಿದ್ದು ಎಲ್ಲರಿಗೂ ಗೊತ್ತಿದೆ. ಇಪ್ಪತ್ತು ಮನೆ, ಆರು ಅಂಗಡಿ ಸೇರಿದರೆ ಅಲಾರಂ ದರ ಇಳಿಸುವುದಾಗಿ ಒಬ್ಬ ಮಾರಾಟಗಾರರು ಹೇಳಿದ್ದಾರೆ. ‘ಎಲ್ಲ ವಿಮಾ ಕಂಪನಿಗಳ ಮಾನ್ಯತೆ ಪಡೆದದ್ದು’ ಎಂದು ಅವರ ಕರಪತ್ರದಲ್ಲಿದೆ. ಭಾನುವಾರದೊಳಗೆ ಹೆಸರು, ಮುಂಗಡ ಕೊಡಿ.

ಮನೆ 41:
ಮುಂಗಡ ಕೊಡುವ ಮುಂಚೆ ಸ್ವಲ್ಪ ತಡೆಯಿರಿ. ಮೂವತ್ತು ವರ್ಷ ನಷ್ಟದ ಅಂದಾಜು ಮಾಡುವ ವಿಮಾ ಸರ್ವೇಯರ್ ಆಗಿದ್ದೆ. ಎಲ್ಲ ಕಂಪನಿಗಳೂ ಒಪ್ಪಿದ ಅಲಾರಂ ಎಂಬುದನ್ನು ನಾನು ಒಮ್ಮೆಯೂ ಕಂಡಿಲ್ಲ. ಅಲಾರಂ ಹಾಗಿರಲಿ, ನಿಮ್ಮ ಪಾಲಿಸಿಯಲ್ಲಿ ಕಳ್ಳತನ ಸೇರಿದೆಯೇ ನೋಡಿದ್ದೀರಾ? 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಎಂಬ ಮನೆ ವಿಮೆ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪದಂಥ ಅವಘಡಗಳಿಗೆ. ಅಂಥ ಅವಘಡದಿಂದಾಗಿ ಏಳು ದಿನದೊಳಗೆ ಕಳುವಾದರೆ ಮಾತ್ರ ಅದರಲ್ಲಿ ಪರಿಹಾರವಿದೆ. ಊರಿಗೆ ಹೋದಾಗ ಬೀಗ ಒಡೆದರೆ ಅದು ಬೇರೆ ವಿಷಯ, ಅದಕ್ಕೆ ಕನ್ನಗಳವು ವಿಮೆಯನ್ನು ಪ್ರತ್ಯೇಕವಾಗಿ ಸೇರಿಸಿರಬೇಕು.

ಮನೆ 17:
ಒಂದು ನಾಯಿ ಸಾಕಿದರೆ ಇಷ್ಟೆಲ್ಲ ತಲೆನೋವು ಇಲ್ಲ.

ಔಷಧ ಅಂಗಡಿ:
ನಾಯಿ ಇದ್ದಿದ್ದರೆ ಚೆನ್ನಾಗಿತ್ತು. ನನ್ನ ಕಥೆ ಕೇಳಿ. ವಿಮೆಯ ಅರ್ಜಿಯಲ್ಲಿ ‘ಅಲಾರಂ ಇದೆಯೇ’ ಎಂಬಲ್ಲಿ ಏಜೆಂಟರು ಹೌದು ಎಂದು ಗುರುತು ಹಾಕಿದರು, ನಾನು ಸಹಿ ಹಾಕಿದೆ. ಅಲಾರಂ ಇತ್ತು, ಸುಳ್ಳಲ್ಲ. ಆದರೆ ಆಗಸ್ಟ್‌ನಲ್ಲಿ ಚಲನೆ ಗುರುತಿಸುವ ಸೆನ್ಸರಿನ ಮುಖದ ಮೇಲೆ ಹಲ್ಲಿ ಓಡಾಡಿ, ರಾತ್ರಿ ಎರಡು ಗಂಟೆಗೆ ಸೈರನ್ ಕೂಗಿ ಬೀದಿಯನ್ನೆಲ್ಲ ಎಬ್ಬಿಸಿತು. ಮೂರನೆಯ ರಾತ್ರಿ ಇದೇ ಗುಂಪಿನಲ್ಲಿ ನೀವೆಲ್ಲ ನನ್ನನ್ನು ಬೈದಿರಿ. ಸ್ವಿಚ್ ಆರಿಸಿದೆ. ಕಳ್ಳತನವಾದ ಮೇಲೆ ಬಂದ ಸರ್ವೇಯರ್ ಅಲಾರಂನ ಪ್ಯಾನೆಲ್‌ನ ದಾಖಲೆ ತೆಗೆದರು. ಕೊನೆಯ ಬಾರಿ ಚಾಲನೆಯಲ್ಲಿದ್ದದ್ದು ಆಗಸ್ಟ್ 19ರಂದು. ಪರಿಹಾರದ ಅರ್ಜಿ ಇನ್ನೂ ತೂಗಾಡುತ್ತಿದೆ.

ಮನೆ 41:
ನಾನು ಹೇಳಬೇಕೆಂದಿದ್ದುದು ಇದನ್ನೇ. ಅರ್ಜಿಯಲ್ಲಿ ಹಾಕಿದ ಆ ಗುರುತು ನೀವು ಕೊಟ್ಟ ಮಾತು. ‘ಅಲಾರಂ ಸುಸ್ಥಿತಿಯಲ್ಲಿದ್ದು, ಅಂಗಡಿ ಮುಚ್ಚಿದಾಗ ಚಾಲನೆಯಲ್ಲಿರಬೇಕು’ ಎಂದು ಪಾಲಿಸಿಯ ಷರತ್ತಿನಲ್ಲಿ ಸೇರಿದ್ದರೆ, ಆರಿಸಿಟ್ಟ ಅಲಾರಂ ಇಲ್ಲದ ಅಲಾರಂಗಿಂತ ಕೆಟ್ಟದ್ದು. ಇಲ್ಲದ್ದನ್ನು ಇಲ್ಲ ಎಂದು ಬರೆದವರಿಗೆ ಈ ತೊಡಕಿಲ್ಲ.

ಇನ್ನೊಂದು ವಿಷಯ. ಕನ್ನಗಳವು ವಿಮೆಗೆ ಬಲಪ್ರಯೋಗದ ಗುರುತು ಬೇಕು. ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಹೂಕುಂಡದ ಕೆಳಗಿಟ್ಟ ಬೀಗದ ಕೈ ತೆಗೆದುಕೊಂಡು ಒಳಗೆ ಬಂದರೆ ಯಾವ ಸೈರನ್ನೂ ನಿಮ್ಮ ನೆರವಿಗೆ ಬಾರದು. ಹಾಗೆಯೇ ಸರ್ವೇಯರ್ ನೋಡುವ ಮುಂಚೆ ಮುರಿದ ಚಿಲಕವನ್ನು ದುರಸ್ತಿ ಮಾಡಿಸಬೇಡಿ. ಮಕ್ಕಳ ಮನೆಗೆಂದು ಆರು ತಿಂಗಳು ವಿದೇಶಕ್ಕೆ ಹೋಗುವವರು, ಮನೆ ಎಷ್ಟು ದಿನ ಖಾಲಿ ಇದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಸಾಲನ್ನು ಹುಡುಕಿ ಓದಿ.

ಮನೆ 9:
ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಅವಳ ವಿಮಾ ಕಂಪನಿ ಎರಡನೇ ದರ್ಜೆಯ ಅಲಾರಂ, ಅದೂ ಮಾನ್ಯತೆ ಪಡೆದವರು ಹಾಕಿದ್ದೇ ಬೇಕು ಎಂದಿತಂತೆ. ನಾವು ಇಲ್ಲಿ ಏನನ್ನು ನೋಡಿ ಕೊಳ್ಳಬೇಕು?

ಮನೆ 41:
ಅದು ಇಎನ್ 50131 ಎಂಬ ಯೂರೋಪಿನ ಮಾನದಂಡ, ಒಂದರಿಂದ ನಾಲ್ಕರವರೆಗೆ ದರ್ಜೆಗಳಿವೆ. ಎರಡನೇ ದರ್ಜೆಗೆ ಕರೆಂಟ್ ಹೋದರೂ 12 ಗಂಟೆ ಬ್ಯಾಟರಿ ನಡೆಯಬೇಕು. ನಮಗೆ ಇದೊಂದೇ ಅಂಶ ಸಾಕಷ್ಟು ಮುಖ್ಯ. ನಮ್ಮ ಮೀಟರ್ ಬೋರ್ಡ್‌ಗಳೆಲ್ಲ ಗೇಟಿನ ಪಕ್ಕದಲ್ಲೇ ಇವೆ, ಕಳ್ಳ ಮೊದಲು ಇಳಿಸುವುದೇ ಆ ಸ್ವಿಚ್ಚನ್ನು. ಬರೀ ವೈಫೈ ನಂಬಿದ ಅಲಾರಂ ರೌಟರ್ ಜೊತೆಗೇ ಮೂಕವಾಗುತ್ತದೆ. ಸಿಮ್ ಇರುವುದನ್ನು ಕೊಂಡರೆ ಅದಕ್ಕೆ ರೀಚಾರ್ಜ್ ಮಾಡಿಸುವುದನ್ನು ಮರೆಯಬೇಡಿ. ಹಾಗೆ ಮರೆತು ಕುಳಿತ ಎಷ್ಟೋ ಮನೆಗಳನ್ನು ಕಂಡಿದ್ದೇನೆ. ಮಾರಾಟಗಾರರ ಎದುರೇ ಮೇನ್ ಸ್ವಿಚ್ ಇಳಿಸಿ, ಬಾಗಿಲು ತೆರೆದು, ನಿಮ್ಮ ಮೊಬೈಲಿಗೆ ಕರೆ ಬರುತ್ತದೆಯೇ ನೋಡಿ. ವಾರ್ಷಿಕ ನಿರ್ವಹಣೆಯ ರಸೀದಿಗಳನ್ನು ಪಾಲಿಸಿಯ ಜೊತೆಗೇ ಇಡಿ.

ಕಾರ್ಯದರ್ಶಿ:
ಕರಪತ್ರದ ಮಾತನ್ನು ಸಹಿ ಹಾಕಿ ಬರೆದುಕೊಡಿ ಎಂದು ಮಾರಾಟಗಾರರನ್ನು ಕೇಳಿದೆ. ಬೆಳಿಗ್ಗೆಯಿಂದ ನನ್ನ ಕರೆಯನ್ನು ತೆಗೆದುಕೊಳ್ಳುತ್ತಿಲ್ಲ. ಸದ್ಯಕ್ಕೆ ಯಾರೂ ಮುಂಗಡ ಕೊಡಬೇಡಿ. ಭಾನುವಾರ ಹತ್ತಕ್ಕೆ ಪಾರ್ಕಿನಲ್ಲಿ ಸೇರೋಣ, ಪಾಲಿಸಿ ತನ್ನಿ. ಅಲಾರಂ ಕುರಿತು ನಿಮ್ಮ ಷರತ್ತೇನು, ರಿಯಾಯಿತಿ ಇದೆಯೇ ಎಂದು ನಮ್ಮ ನಮ್ಮ ವಿಮಾ ಕಂಪನಿಗಳಿಗೆ ಬರೆಯುವ ಪತ್ರದ ಕರಡನ್ನು 41ನೇ ಮನೆಯವರು ತರುತ್ತಾರೆ.

ಔಷಧ ಅಂಗಡಿ:
ಬರುತ್ತೇನೆ. ಈಗಷ್ಟೇ ಸೈರನ್ನಿನ ಡಬ್ಬಿ ಬಿಚ್ಚಿದೆ. ಒಳಗೆ ಹಲ್ಲಿಯ ಎರಡು ಮೊಟ್ಟೆಗಳಿವೆ.